ಹಾಡು ಕಣ್ಣಿಗೂ ಬಿದ್ದ ಕಾಲ

ಅಮೆರಿಕದ ಟಿವಿಯಲ್ಲಿ ಸಂಗೀತ ವೈವಿಧ್ಯ ಕಾರ್ಯಕ್ರಮಗಳು ಬೇರೂರಿದ್ದು 1948ರಲ್ಲಿ. ಆ ವರ್ಷದ ಜೂನ್ ತಿಂಗಳಲ್ಲಿ ಪ್ರಸಾರ ಸಂಸ್ಥೆಗಳ ಪೈಕಿ ಎನ್‌ಬಿಸಿ ‘ಟೆಕ್ಸಾಕೊ ಸ್ಟಾರ್ ಥಿಯೇಟರ್’ ಅನ್ನೂ ಸಿಬಿಎಸ್ ‘ಟೋಸ್ಟ್ ಆಫ್ ದ ಟೌನ್’ ಅನ್ನೂ ಆರಂಭಿಸಿದವು. ಎರಡನೆಯದು ಮುಂದೆ ತನ್ನ ನಿರೂಪಕರ ಹೆಸರಿನಲ್ಲೇ ‘ದಿ ಎಡ್ ಸುಲಿವನ್ ಶೋ’ ಎಂದಾಗಿ 1971ರವರೆಗೆ ನಡೆಯಿತು. ಎರಡಕ್ಕೂ ಮೂಲ ವಾಡ್‌ವಿಲ್ ಎಂಬ ರಂಗಪ್ರಕಾರ. ಹಾಡು, ಕುಣಿತ, ಹಾಸ್ಯ, ಕಸರತ್ತು, ಪಳಗಿಸಿದ ಪ್ರಾಣಿಗಳ ಆಟ ಎಲ್ಲವೂ ಅಲ್ಲಿ ಒಂದೇ ಸಂಜೆ ಒಂದರ ಹಿಂದೊಂದು ಬರುತ್ತಿದ್ದವು. ಸಿನಿಮಾ, ರೇಡಿಯೊಗಳ ಹೊಡೆತಕ್ಕೆ ಸೊರಗಿದ್ದ ಆ ಕಲೆಗೆ ಟಿವಿ ಮರುಜೀವ ಕೊಟ್ಟಿತು. ಹಣದ ಏರ್ಪಾಡು ಮಾತ್ರ ರೇಡಿಯೊದಿಂದ ಬಂದದ್ದು: ಪ್ರಾಯೋಜಕ ಕಂಪನಿ ಖರ್ಚು ಹೊರುತ್ತಿತ್ತು, ಎಷ್ಟೋ ಸಲ ಕಾರ್ಯಕ್ರಮಕ್ಕೆ ತನ್ನ ಹೆಸರನ್ನೇ ಇಡುತ್ತಿತ್ತು. ಪೆಟ್ರೋಲ್ ಕಂಪನಿ ಟೆಕ್ಸಾಕೊದ ಕಾರ್ಯಕ್ರಮವಂತೂ ಪೆಟ್ರೋಲ್ ಬಂಕ್ ನೌಕರರ ಸಮವಸ್ತ್ರ ತೊಟ್ಟ ನಾಲ್ವರ ಹಾಡಿನಿಂದಲೇ ಶುರುವಾಗುತ್ತಿತ್ತು.

ಹೆಚ್ಚಿನವೆಲ್ಲ ನೇರ ಪ್ರಸಾರ. ಗಾಯಕಿ ಸಾಲು ಮರೆತರೆ ದೇಶವೇ ನೋಡುತ್ತಿತ್ತು. ವಿಡಿಯೊ ಟೇಪ್ ಬಳಕೆಗೆ ಬಂದದ್ದು 1956ರಲ್ಲಿ. ಅಲ್ಲಿಯವರೆಗೆ ಟಿವಿ ಪರದೆಗೆ ಸಿನಿಮಾ ಕ್ಯಾಮೆರಾ ಹಿಡಿದು ಚಿತ್ರೀಕರಿಸುವ ಕಿನೆಸ್ಕೋಪ್ ವಿಧಾನವೇ ಗತಿ. 1951ರಲ್ಲಿ ಎರಡು ಕರಾವಳಿಗಳ ನಡುವೆ ಪ್ರಸಾರದ ಕೊಂಡಿ ಬೆಸೆಯುವ ತನಕ ಲಾಸ್ ಏಂಜಲೀಸಿನವರು ನ್ಯೂಯಾರ್ಕಿನ ಕಾರ್ಯಕ್ರಮಗಳನ್ನು ಈ ಮಸುಕು ಪ್ರತಿಗಳಲ್ಲಿ, ತಡವಾಗಿ ನೋಡಬೇಕಿತ್ತು.

ಕಣ್ಣಿನ ಬೇಡಿಕೆ ಹಾಡನ್ನು ಎಷ್ಟು ಕಾಡಿತೆಂಬುದಕ್ಕೆ ‘ಯುವರ್ ಹಿಟ್ ಪರೇಡ್’ ಒಳ್ಳೆಯ ನಿದರ್ಶನ. 1935ರಲ್ಲಿ ರೇಡಿಯೊದಲ್ಲಿ ಹುಟ್ಟಿ 1950ರಲ್ಲಿ ಟಿವಿಗೆ ಬಂದ ಈ ಕಾರ್ಯಕ್ರಮದಲ್ಲಿ ವಾರದ ಜನಪ್ರಿಯ ಹಾಡುಗಳನ್ನು ಡೊರೊಥಿ ಕಾಲಿನ್ಸ್, ಸ್ನೂಕಿ ಲ್ಯಾನ್ಸನ್ ಮುಂತಾದ ಕಾಯಂ ಗಾಯಕರು ಹಾಡುತ್ತಿದ್ದರು. ಒಂದೇ ಹಾಡು ತಿಂಗಳುಗಟ್ಟಲೆ ಪಟ್ಟಿಯಲ್ಲಿ ಉಳಿದರೆ ರೇಡಿಯೊಗೆ ತೊಂದರೆಯಿರಲಿಲ್ಲ. ಟಿವಿಯಲ್ಲಿ ಪ್ರತಿ ವಾರವೂ ಅದಕ್ಕೆ ಹೊಸ ಸೆಟ್ಟು, ಹೊಸ ಉಡುಪು, ಹೊಸ ಪುಟ್ಟ ಕಥೆ ಹೊಂದಿಸಬೇಕಾಗುತ್ತಿತ್ತು.

ಪ್ರಾಯೋಜಕರ ಹಿಡಿತದ ಕಹಿ ಮುಖ ಕಂಡದ್ದು ಕಪ್ಪು ಜನಾಂಗದ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ಕಾರ್ಯಕ್ರಮದಲ್ಲಿ. 1956ರ ನವೆಂಬರ್‌ನಲ್ಲಿ ಎನ್‌ಬಿಸಿಯಲ್ಲಿ ಆರಂಭವಾದ ಅದಕ್ಕೆ ರಾಷ್ಟ್ರಮಟ್ಟದ ಪ್ರಾಯೋಜಕರು ಸಿಗಲೇ ಇಲ್ಲ. ದಕ್ಷಿಣದ ಬಿಳಿಯ ಗ್ರಾಹಕರು ಮುನಿದಾರೆಂಬ ಭಯ ಕಂಪನಿಗಳಿಗೆ. ಎಲಾ ಫಿಟ್ಜ್‌ಜೆರಾಲ್ಡ್, ಹ್ಯಾರಿ ಬೆಲಫಾಂಟೆ ಅವರಂಥ ಹೆಸರಾಂತರು ಅಲ್ಪ ಸಂಭಾವನೆಗೆ ಬಂದು ಹಾಡಿ ನೆರವಾದರೂ 1957ರ ಡಿಸೆಂಬರ್‌ನಲ್ಲಿ ಕಾರ್ಯಕ್ರಮ ನಿಂತಿತು. ಕೊರತೆಯಿದ್ದದ್ದು ಖಂಡಿತ ಸಂಗೀತದಲ್ಲಲ್ಲ.

ಅಷ್ಟರಲ್ಲಿ ರಾಕ್ ಅಂಡ್ ರೋಲ್ ಕಾಲಿಟ್ಟಿತ್ತು. 1956ರ ಸೆಪ್ಟೆಂಬರ್ 9ರಂದು ಸುಲಿವನ್ ಶೋನಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದಾಗ ನೋಡಿದವರು ಸುಮಾರು 6 ಕೋಟಿ. ಮರುವರ್ಷದ ಜನವರಿಯಲ್ಲಿ ಅವರು ಅಲ್ಲಿಗೆ ಮೂರನೆಯ ಸಲ ಬಂದಾಗ ಕ್ಯಾಮೆರಾ ಸೊಂಟದಿಂದ ಕೆಳಕ್ಕೆ ಇಳಿಯಲಿಲ್ಲ. ಇಂಥ ಹಾಡುಗಳಲ್ಲಿ ರಾಗಕ್ಕಿಂತ ಹಾಡುವವರ ದನಿ, ಠೀವಿಗಳೇ ಮುಖ್ಯ. ಬೇರೆಯವರು ಹಾಡಿದರೆ ಯುವಜನರಿಗೆ ಒಗ್ಗದು. ಕಾಯಂ ಗಾಯಕರನ್ನೇ ನೆಚ್ಚಿದ್ದ ‘ಹಿಟ್ ಪರೇಡ್’ 1959ರಲ್ಲಿ ಮುಗಿಯಿತು. ಮೂಲ ಗಾಯಕರನ್ನೇ ವೇದಿಕೆಗೆ ಕರೆಯುತ್ತಿದ್ದ ಸುಲಿವನ್ ಉಳಿದರು. 1964ರ ಫೆಬ್ರುವರಿ 9ರಂದು ಅವರ ವೇದಿಕೆಯಲ್ಲಿ ಬೀಟಲ್ಸ್ ತಂಡವನ್ನು ಸುಮಾರು 7.3 ಕೋಟಿ ಜನ ನೋಡಿದರು.