ಆಕಾಂಕ್ಷೆಯ ಎಲ್ಲೆ

ಕುಂದಾಪುರ ಸೀಮೆಯಲ್ಲಿ, ಬಸರೂರಿಗೆ ಅಷ್ಟೇನೂ ದೂರವಲ್ಲದೆ, ಗುಲ್ವಾಡಿಯೆಂಬ ಗ್ರಾಮವಿದೆ. ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಗುಲ್ವಾಡಿ ವೆಂಕಟರಾಯರು ಆ ಊರಿನ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ನಿಲ್ಲಿಸಿದರು. 1899ರಲ್ಲಿ ಅಚ್ಚಾದ ಅವರ ‘ಇಂದಿರಾಬಾಯಿ’ ಕಾದಂಬರಿಗೆ ‘ಸದ್ಧರ್ಮವಿಜಯವು’ ಎಂಬುದು ಎರಡನೆಯ ಹೆಸರು. ಅದರಲ್ಲಿ ಭೀಮರಾಯನೆಂಬವನು ಲಂಚದಿಂದ ಸಂಪತ್ತನ್ನು ಕೂಡಿಸಿ, ಆ ಸಂಪತ್ತಿನಿಂದಲೇ ಪುಣ್ಯವನ್ನೂ ಕೊಳ್ಳಬಹುದೆಂದು ನಂಬಿರುತ್ತಾನೆ. ಅವನ ವಿಧವೆಯಾದ ಮಗಳಿಗೆ ಆಶ್ರಯವನ್ನು ಕೊಡುವವನು ಅಮೃತರಾಯ. ಅದರಿಂದ ಜನರ ದೂಷಣೆಯೂ ಅವನ ಪಾಲಿಗೆ ಬರುತ್ತದೆ. ಏನನ್ನಾದರೂ ತೆತ್ತು ಮೇಲೇರುವವನೊಬ್ಬ. ಕೆಲವನ್ನು ಮಾತ್ರ ಎಂದಿಗೂ ತೆರಲಾರದವನು ಇನ್ನೊಬ್ಬ. ಈ ಭೇದವನ್ನೇ ನಾವು ಈ ಹೊತ್ತು ರಾಜ್ಯಗಳ ಚರಿತ್ರೆಯ ಬೆಳಕಿನಲ್ಲಿ ವಿಚಾರಮಾಡಬೇಕೆಂದಿರುವೆವು.

ಆಕಾಂಕ್ಷೆಯು ತನ್ನಷ್ಟಕ್ಕೆ ದೋಷವಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಅದಿಲ್ಲದಿದ್ದರೆ ಬಸರೂರಿನ ವರ್ತಕರು ಅಕ್ಕಿಯ ಮೂಟೆಗಳನ್ನು ಕಡಲಾಚೆಗೆ ಕಳುಹಿಸುತ್ತಿರಲಿಲ್ಲ; ಕೆಳದಿಯ ಶಿವಪ್ಪನಾಯಕನು ಆ ರೇವಿನಿಂದ ಪೋರ್ಚುಗೀಸರನ್ನು ಹೊರಡಿಸುತ್ತಲೂ ಇರಲಿಲ್ಲ. ಏರಬೇಕೆಂಬ ಹಂಬಲವಿರಲಿ, ಆ ಏಣಿಗೆ ಯಾವುದನ್ನು ಮೆಟ್ಟಿಲಾಗಿ ಮಾಡಿಕೊಳ್ಳುತ್ತೇವೆಂಬುದೇ ಪ್ರಶ್ನೆ.

ವಿಜಯನಗರದ ಅಳಿಯ ರಾಮರಾಯನನ್ನು ನೋಡೋಣ. ಸಾಮರ್ಥ್ಯದಲ್ಲಿ ಅವನಿಗೆ ಕೊರತೆಯಿರಲಿಲ್ಲ. ರಾಜನು ಹೆಸರಿಗಿದ್ದನು, ಅಧಿಕಾರವು ಇವನದಾಗಿದ್ದಿತು. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಕುತುಬ್ ಶಹನು ಅಣ್ಣನಿಗೆ ಹೆದರಿ ಓಡಿಬಂದಾಗ ರಾಮರಾಯನು ಅವನಿಗೆ ಆಶ್ರಯವಿತ್ತನು. ಸುಮಾರು ಏಳು ವರ್ಷ ಆತನು ವಿಜಯನಗರದಲ್ಲಿಯೇ ಇದ್ದು, 1550ರಲ್ಲಿ ಸ್ವದೇಶಕ್ಕೆ ಮರಳಿ ಸಿಂಹಾಸನವನ್ನೇರಿದನು. ಇದು ಉದಾರವಾದ ಕಾರ್ಯವೇ ಸರಿ. ಆದರೆ ರಾಮರಾಯನ ರಾಜನೀತಿಯಲ್ಲಿ ಸ್ನೇಹವೆಂಬುದು ಚದುರಂಗದ ಕಾಯಿಯಾಗಿತ್ತು. ಇಂದು ಬಿಜಾಪುರದೊಡನೆ ಕೂಡಿ ಅಹಮದ್‌ನಗರದ ಮೇಲೆ, ನಾಳೆ ಇನ್ನೊಬ್ಬರೊಡನೆ ಕೂಡಿ ಮತ್ತೊಬ್ಬರ ಮೇಲೆ, ಹೀಗೆ ದಂಡಯಾತ್ರೆಗಳು ಸಾಗಿದುವು. ಒಮ್ಮೆ ಶರಣು ಬಂದಿದ್ದ ಇಬ್ರಾಹಿಮನ ಸೀಮೆಯೂ ಈ ಆಟದಿಂದ ತಪ್ಪಿಸಿಕೊಳ್ಳಲಿಲ್ಲ. 1565ರ ಜನವರಿಯಲ್ಲಿ, ತಮ್ಮತಮ್ಮೊಳಗೆ ಹಗೆಯಿದ್ದ ಸುಲ್ತಾನರು ಒಂದಾಗಿ ಬಂದರು. ಅವರಲ್ಲಿ ಇಬ್ರಾಹಿಮನೂ ಇದ್ದನು. ರಾಮರಾಯನು ರಣದಲ್ಲಿ ಸೆರೆಸಿಕ್ಕಿ ಹತನಾದನು, ರಾಜಧಾನಿ ಹಾಳಾಯಿತು. ಆ ಸೋಲಿಗೆ ಕಾರಣಗಳು ಹಲವು. ಆದರೂ ಮಿತ್ರರೆನಿಸಿಕೊಂಡವರನ್ನೆಲ್ಲ ಸರದಿಯ ಮೇಲೆ ಸಾಧನವಾಗಿ ಬಳಸಿದವನಿಗೆ ಆಪತ್ಕಾಲದಲ್ಲಿ ನೆರೆಯಲ್ಲಿ ಒಬ್ಬ ಮಿತ್ರನೂ ಉಳಿಯಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಇನ್ನು ಬಸರೂರಿಗೇ ಹಿಂದಿರುಗೋಣ. ಆಗ ಅದು ಕೆಳದಿಯ ನಾಯಕರ ರಾಜ್ಯಕ್ಕೆ ಸೇರಿದ್ದ ಐಶ್ವರ್ಯವಂತವಾದ ರೇವು. 1665ರ ಫೆಬ್ರುವರಿಯಲ್ಲಿ ಶಿವಾಜಿಯು ನೌಕಾಪಡೆಯೊಡನೆ ಬಂದಿಳಿದು ಪಟ್ಟಣವನ್ನು ಕೊಳ್ಳೆಹೊಡೆದು ಹೋದನು. ಇಂತಹ ಗಾಯವನ್ನು ರಾಜ್ಯಗಳು ಸುಲಭವಾಗಿ ಮರೆಯುವುದಿಲ್ಲ. ಇಪ್ಪತ್ತನಾಲ್ಕು ವರ್ಷಗಳು ಕಳೆದುವು. 1689ರಲ್ಲಿ ಔರಂಗಜೇಬನು ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಕೊಲ್ಲಿಸಿದನು. ಕಿರಿಯ ಮಗ ರಾಜಾರಾಮನು ವೇಷ ಮರೆಸಿಕೊಂಡು ದಕ್ಷಿಣಕ್ಕೆ ಓಡುತ್ತ ಕೆಳದಿಯ ರಾಜ್ಯದ ಬಾಗಿಲಿಗೆ ಬಂದನು. ಆಗ ಅಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ.

ಅವಳ ಮುಂದಿದ್ದ ಲೆಕ್ಕವನ್ನು ಶ್ರೋತೃಗಳು ತಾವೇ ಹಾಕಿ ನೋಡಬಹುದು. ಬಿಜಾಪುರವು 1686ರಲ್ಲಿಯೂ ಗೋಲ್ಕೊಂಡವು 1687ರಲ್ಲಿಯೂ ಮೊಗಲರ ವಶವಾಗಿದ್ದುವು. ಓಡಿಬಂದವನನ್ನು ಹಿಡಿದುಕೊಟ್ಟಿದ್ದರೆ ಬಾದಶಹನ ಕೃಪೆ ದೊರೆಯುತ್ತಿತ್ತು. ಬಸರೂರಿನ ಹಳೆಯ ಸೇಡೂ ತೀರುತ್ತಿತ್ತು. ಲಾಭವೂ ಕೋಪವೂ ಒಂದೇ ದಾರಿಯನ್ನು ತೋರಿಸುತ್ತಿರುವಾಗ ಧರ್ಮದ ಮಾತು ಕೇಳಿಸುವುದೇ ಕಷ್ಟ. ಆದರೂ ಶರಣು ಬಂದವನನ್ನು ಒಪ್ಪಿಸತಕ್ಕದ್ದಲ್ಲವೆಂದು ಚೆನ್ನಮ್ಮಾಜಿಯು ಅವನನ್ನು ಕಾಪಾಡಿ ಮುಂದಕ್ಕೆ ಸಾಗಿಸಿದಳು. ಅವನು ಜಿಂಜಿಯನ್ನು ಸೇರಿದನು. ಮೊಗಲರ ಸೈನ್ಯವು ಕೆಳದಿಯ ಮೇಲೆ ಬಂದಿತು, ಕಾಳಗವಾಯಿತು, ಕೊನೆಗೆ ಸಂಧಿಯಾಗಿ ರಾಜ್ಯವು ಉಳಿಯಿತು.

ಇದರಿಂದ, ಧರ್ಮವನ್ನು ಪಾಲಿಸಿದವರಿಗೆ ಸೋಲೇ ಇಲ್ಲವೆಂದು ನಾವು ಹೇಳಲಾರೆವು. ಕೆಳದಿಯ ರಾಜ್ಯವೂ 1763ರಲ್ಲಿ ಹೈದರಾಲಿಯ ಕೈಸೇರಿತು. ಯಾವ ರಾಜ್ಯವೂ ಶಾಶ್ವತವಲ್ಲ. ಆದರೆ ರಾಮರಾಯನೂ ಆಶ್ರಯವಿತ್ತನು, ಚೆನ್ನಮ್ಮಾಜಿಯೂ ಆಶ್ರಯವಿತ್ತಳು; ಒಬ್ಬನದು ಮುಂದಿನ ಆಟಕ್ಕೆ ಹೂಡಿದ ಬಂಡವಾಳವಾಯಿತು, ಇನ್ನೊಬ್ಬಳದು ನಷ್ಟವನ್ನು ಬಲ್ಲದ್ದಾಗಿಯೂ ಬಿಡದ ವ್ರತವಾಯಿತು. ಕಾರ್ಯವೊಂದೇ ಆದರೂ ಅದರ ಬೇರು ಬೇರೆ.

ನಮ್ಮಲ್ಲಿ ಯಾರಿಗೂ ಕೋಟೆಗಳಿಲ್ಲ, ಕುದುರೆಯ ದಂಡುಗಳಿಲ್ಲ. ಆದರೆ ಕಚೇರಿಯಲ್ಲಿ ಬಡ್ತಿಯಿದೆ, ವ್ಯಾಪಾರದಲ್ಲಿ ಪೈಪೋಟಿಯಿದೆ, ಸಮಾಜದಲ್ಲಿ ಪ್ರತಿಷ್ಠೆಯಿದೆ. ಮೇಲಧಿಕಾರಿಯ ಮೆಚ್ಚುಗೆಗಾಗಿ ಜತೆಗಾರನೊಬ್ಬನನ್ನು ಒಪ್ಪಿಸಿಬಿಡುವ ಸಮಯವು ಒಂದಲ್ಲ ಒಂದು ದಿನ ಎಲ್ಲರಿಗೂ ಬರುತ್ತದೆ; ಆ ಜತೆಗಾರನು ಹಿಂದೆ ನಮಗೆ ಕೇಡು ಮಾಡಿದವನೇ ಆಗಿದ್ದರಂತೂ ಮನಸ್ಸು ನೂರು ಸಮಾಧಾನಗಳನ್ನು ಹುಡುಕಿಕೊಡುತ್ತದೆ. ಆ ಗಳಿಗೆಯಲ್ಲಿ ಕುಳಿತು ಎಲ್ಲೆಯನ್ನು ಗೊತ್ತುಮಾಡುವೆವೆಂದರೆ ಆಗದ ಮಾತು. ಯಾವುದನ್ನು ಮಾರುವುದಿಲ್ಲವೆಂಬುದನ್ನು ಸಂತೆಗೆ ಹೋಗುವ ಮೊದಲೇ ಮನೆಯಲ್ಲಿ ನಿಶ್ಚಯಿಸಿರಬೇಕು. ಎಲ್ಲೆಗಲ್ಲನ್ನು ನೆಟ್ಟ ಮೇಲೆ ಹೊಲವನ್ನು ಎಷ್ಟು ಆಳವಾಗಿ ಉತ್ತರೂ ಅದು ನಮ್ಮದೇ. ಕಲ್ಲನ್ನೇ ಸರಿಸುತ್ತ ಹೋದರೆ ಉತ್ತ ನೆಲವೂ ವ್ಯಾಜ್ಯಕ್ಕೆ ಬೀಳುತ್ತದೆ.

ಗುಲ್ವಾಡಿಯ ವೆಂಕಟರಾಯರು ತಮ್ಮ ಕಥೆಯಲ್ಲಿ ರಾಜರನ್ನು ತರಲಿಲ್ಲ. ಶರಣು ಬಂದ ಹುಡುಗಿಯೊಬ್ಬಳಿಗೆ ಬಾಗಿಲು ತೆರೆದ ಗೃಹಸ್ಥನನ್ನು ತಂದರು. ಸದ್ಧರ್ಮದ ಪರೀಕ್ಷೆಯು ಹೆಚ್ಚಾಗಿ ನಡೆಯುವುದು ರಣರಂಗದಲ್ಲಿ ಅಲ್ಲ, ಇಂತಹ ಮನೆಬಾಗಿಲಿನಲ್ಲಿಯೇ.