ಕಲ್ಲಿನ ಗೋಡೆಗೆ ಡ್ರಿಲ್ ಹಿಡಿಯುವ ಮುನ್ನ

ಮಂಗಳೂರು, ಉಡುಪಿ ಕಡೆಯ ಮುರಕಲ್ಲಿನ ಮನೆಗಳಲ್ಲಿ ಡ್ರಿಲ್ ಹಿಡಿದವರಿಗೆ ಇದು ಗೊತ್ತು. ಬಾಳೆದಿಂಡಿಗೆ ಕತ್ತಿ ಇಳಿದ ಹಾಗೆ ಸಲೀಸಾಗಿ ಹೋಗುತ್ತಿದ್ದ ಬಿಟ್ ಇದ್ದಕ್ಕಿದ್ದಂತೆ ಪೊಳ್ಳಿಗೆ ಸಿಕ್ಕಿ ಮುಂದಕ್ಕೆ ನುಗ್ಗುತ್ತದೆ. ಆರು ಮಿಲಿಮೀಟರಿನ ತೂತು ನೋಡನೋಡುತ್ತ ಹೆಬ್ಬೆರಳು ಹಿಡಿಸುವಷ್ಟಾಗುತ್ತದೆ. ಪ್ಲಾಸ್ಟಿಕ್ ಪ್ಲಗ್ ಅದರೊಳಗೆ ಗಿರಗಿರನೆ ತಿರುಗುತ್ತದೆಯೇ ಹೊರತು ಕಚ್ಚುವುದಿಲ್ಲ.

ತಪ್ಪು ಮೆಷಿನ್ನಿನದಲ್ಲ. ಮಳೆ, ಬಿಸಿಲಿಗೆ ಬಂಡೆ ಕೊಳೆತು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿದು ಆದದ್ದು ಮುರಕಲ್ಲು. ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಕ್ವಾರಿಯಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ಮೈತುಂಬ ಸಣ್ಣ ಸಣ್ಣ ಪೊಳ್ಳು. ಹಾಗಾಗಿ ಇಲ್ಲಿ ಹ್ಯಾಮರ್ ಗುಂಡಿ ಆಫ್ ಮಾಡಿ, ಬರೀ ತಿರುಗಿಸಿಯೇ ಕೊರೆಯುವುದು ಒಳ್ಳೆಯದು. ಪ್ಲಗ್ ಉದ್ದನೆಯದಿರಲಿ. ಹದಿನೈದು ಲೀಟರಿನ ಗೀಸರ್ ನೀರು ತುಂಬಿದಾಗ ಇಪ್ಪತ್ತು ಕಿಲೋ ದಾಟುತ್ತದೆ. ಅಂಥದ್ದಕ್ಕೆ ಜಾಲರಿಯ ಕೊಳವೆ ಇಟ್ಟು, ಗಟ್ಟಿಯಾಗುವ ಅಂಟು ತುಂಬಿ ಬೋಲ್ಟ್ ಕೂರಿಸುವುದೇ ಭದ್ರ.

ಬೆಂಗಳೂರು, ಕೋಲಾರದ ಗ್ರಾನೈಟ್ ಸೈಜುಗಲ್ಲಿನ ಹಳೆ ಮನೆಗಳ ಕಥೆ ತೀರಾ ಬೇರೆ. ಗ್ರಾನೈಟಿನಲ್ಲಿರುವ ಕ್ವಾರ್ಟ್ಸ್ ಗಡಸುತನದ ಮೋಸ್ ಅಳತೆಯಲ್ಲಿ 7. ಸುಣ್ಣಕಲ್ಲಿನ ಕ್ಯಾಲ್ಸೈಟ್ ಬರೀ 3. ಮರಕ್ಕೋ ಕಬ್ಬಿಣಕ್ಕೋ ಬಳಸುವ ಬಿಟ್ ಹಾಕಿ ಒತ್ತಿದರೆ ತುದಿ ಕಾದು ನೀಲಿಗಟ್ಟುತ್ತದೆ, ಕಲ್ಲಿನ ಮೇಲೆ ಗೀರೊಂದೇ ಉಳಿಯುತ್ತದೆ. ಬೇಕಾದ್ದು ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬಿಟ್, ಮತ್ತು ಹೊಡೆಯುತ್ತ ತಿರುಗುವ ರೋಟರಿ ಹ್ಯಾಮರ್. ಉಬ್ಬುತಗ್ಗಿನ ಕಲ್ಲಿನ ಮೇಲೆ ಬಿಟ್ ಜಾರುವುದರಿಂದ ಮೊದಲು ಉಳಿಯಿಂದ ಒಂದು ಗುಳಿ ಮಾಡಿಕೊಳ್ಳಬೇಕು. ಹದಿನೈದು ಸೆಕೆಂಡಿಗೊಮ್ಮೆ ಹೊರಗೆಳೆದು ಪುಡಿ ಉದುರಿಸಿ, ತಣಿಯಲು ಬಿಟ್ಟು ಮತ್ತೆ ಇಳಿಸಬೇಕು. ಅವಸರಪಟ್ಟು ಮೈಭಾರ ಹಾಕುವುದರಿಂದಲೇ ಹೆಚ್ಚಿನ ಬಿಟ್‌ಗಳು ಹಾಳಾಗುವುದು.

ಕಲ್ಲಿನ ಅಂಚಿನ ಹತ್ತಿರ ಮಾತ್ರ ಬೇಡವೇ ಬೇಡ. ಒಳಗೆ ಅರಳುವ ಬೋಲ್ಟು ಬೆಣೆಯಂತೆ ಕೆಲಸ ಮಾಡುತ್ತದೆ. ಹಂಪಿಯ ಬಂಡೆಗಳ ಮೇಲೆ ಇಂದಿಗೂ ಕಾಣುವ ಸಾಲು ಸಾಲು ಗುಳಿಗಳು ಅಂಥ ಬೆಣೆಗಳಿಗಾಗಿಯೇ ತೋಡಿದವು. ಆನೆಗಾತ್ರದ ಬಂಡೆಯನ್ನೇ ಸೀಳುವ ಉಪಾಯ ಮನೆಯ ಕಲ್ಲಿನ ಮೂಲೆಯನ್ನು ಬಿಡುತ್ತದೆಯೇ? ಕಲ್ಲಿನ ಬಿಲ್ಲೆ ಅಂಟಿಸಿದ ಗೋಡೆಯಾದರೆ ಬಿಲ್ಲೆ ದಾಟುವ ತನಕ ಹ್ಯಾಮರ್ ಮುಟ್ಟಬಾರದು.

ಫೋಟೊ, ಕ್ಯಾಲೆಂಡರಿನಂಥ ಹಗುರ ಸಾಮಾನಿಗೆ ಕಲ್ಲನ್ನು ನೋಯಿಸುವ ಅಗತ್ಯವೇ ಇಲ್ಲ, ಎರಡು ಕಲ್ಲಿನ ನಡುವಿನ ಗಾರೆಯ ಸಂದು ಸಾಕು. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ವೈರು ಓಡಿರುತ್ತದೆ; ಆ ಜಾಗ ತಪ್ಪಿಸಬೇಕು. ಕನ್ನಡಕ, ಮಾಸ್ಕ್ ಇಲ್ಲದೆ ಶುರು ಮಾಡಲೇಬಾರದು. ಗ್ರಾನೈಟಿನ ನುಣ್ಣನೆಯ ಧೂಳಿನಲ್ಲಿರುವ ಸಿಲಿಕ ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ವರ್ಷಗಟ್ಟಲೆ ಅದನ್ನೇ ಉಸಿರಾಡುವ ಕಲ್ಲುಕುಟಿಗರಿಗೆ ಸಿಲಿಕೋಸಿಸ್ ಬರುವುದು ಹೀಗೆಯೇ.

ತೂತಿನ ಕೆಳಗೆ ಹಳೆಯ ಲಗ್ನಪತ್ರಿಕೆಯೊಂದನ್ನು ದೊನ್ನೆಯಂತೆ ಮಡಚಿ ಅಂಟಿಸಿಟ್ಟರೆ ಪುಡಿಯೆಲ್ಲ ಅದರಲ್ಲಿ ಬೀಳುತ್ತದೆ. ಅದನ್ನು ಚೆಲ್ಲದೆ ತೆಗೆದಿಡಬೇಕು. ಮುಂದೆಂದಾದರೂ ಮೊಳೆ ಕಿತ್ತಾಗ ಅದೇ ಪುಡಿಯನ್ನು ಸುಣ್ಣದ ಜೊತೆ ಕಲಸಿ ತೂತಿಗೆ ಮೆತ್ತಿದರೆ, ಒಣಗಿದ ಮೇಲೆ ಗುರುತು ಹುಡುಕಲು ಮನೆಯವರಿಗೂ ಕಷ್ಟವೇ.