ಪಟ್ಟಣದಲ್ಲಿ ಬಾಡಿಗೆಯ ಖೋಲಿ

ಬಿ. ಎ. ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಅಂತಿಮ ವರ್ಷದ ನಮ್ಮೆಲ್ಲರ ಎದುರಿಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯವರು ಎಂ. ಎ. ಓದಲಿಕ್ಕಾಗಲಿ, ಸ್ಪರ್ಧಾ ಪರೀಕ್ಷೆಯ ತಯಾರಿಗಾಗಲಿ ಧಾರವಾಡಕ್ಕೋ ಬೆಳಗಾವಿಗೋ ಹೋಗುವುದು ರೂಢಿ. ಹಿಂದಿನವರು ವಾರಾನ್ನ ಉಂಡು, ಮಠಗಳ ಪ್ರಸಾದ ನಿಲಯಗಳಲ್ಲಿದ್ದು ಕಲಿತರು. ಇಂದು ವಸತಿನಿಲಯದಲ್ಲಿ ಸ್ಥಳ ಸಿಗದವರಿಗೆ ಬಾಡಿಗೆಯ ಖೋಲಿಯೇ ಗತಿ. ಅದನ್ನು ಹಿಡಿಯುವಾಗ ತಿಳಿದಿರಬೇಕಾದ ನಾಲ್ಕು ಮಾತುಗಳನ್ನು, ಪೆಟ್ಟು ತಿಂದು ಕಲಿತವನಾದುದರಿಂದ, ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯ ರಜೆಯಲ್ಲಿ ಧಾರವಾಡದ ಸಪ್ತಾಪುರದಲ್ಲಿ ಗೆಳೆಯನೊಡನೆ ಒಂದು ಖೋಲಿ ಹಿಡಿದೆನು. ತಂದೆಯವರು ಹತ್ತಿ ಮಾರಿದ ಹಣದಲ್ಲಿ ಹತ್ತು ಸಾವಿರ ರೂಪಾಯಿ ಠೇವಣಿ ಕೊಟ್ಟರು. ನಾನು ಕಾಗದ ಕೇಳಹೋದಾಗ, “ಹಿರೇರ ಮುಂದ ಕಾಗದ ಕೇಳತಾರೇನೋ? ಮಾತು ಕೊಟ್ಟಾರ, ಸಾಕು” ಎಂದು ತಡೆದರು. ಎರಡು ತಿಂಗಳ ಬಳಿಕ ಖೋಲಿ ಬಿಟ್ಟಾಗ ಮಾಲಕರು ಸುಣ್ಣಬಣ್ಣದ ಖರ್ಚೆಂದು ನಾಲ್ಕು ಸಾವಿರ ಮುರಿದುಕೊಂಡರು. ಗೋಡೆಗೆ ನಾವು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆದರೆ ತೋರಿಸಲು ಒಂದು ಪಾವತಿಯೂ ನಮ್ಮ ಹತ್ತಿರ ಇರಲಿಲ್ಲ. ಊರು ಮುಟ್ಟುವವರೆಗೆ ತಂದೆಯವರು ಬಸ್ಸಿನಲ್ಲಿ ಮಾತಾಡಲಿಲ್ಲ.

ತಂದೆಯವರದು ತಪ್ಪೆಂದು ನಾನು ಹೇಳಲಾರೆ. ನಮ್ಮ ಊರಲ್ಲಿ ಮಾತು ತಪ್ಪಿದವನನ್ನು ಕೇಳಲು ನಾಲ್ಕು ಮಂದಿ ಹಿರಿಯರಿರುತ್ತಾರೆ. ಪಟ್ಟಣದಲ್ಲಿ ನಮ್ಮ ಪರವಾಗಿ ಸಾಕ್ಷಿ ಹೇಳುವವರಿಲ್ಲ. ಅಲ್ಲಿ ಆ ಹಿರಿಯರ ಕೆಲಸವನ್ನು ಕರಾರುಪತ್ರವೇ ಮಾಡಬೇಕು.

ಕಾಯಿದೆ ಇಲ್ಲವೇ ಎಂದು ಕೇಳಬಹುದು. ಬೆಳಗಾವಿ, ಧಾರವಾಡ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿ 1947ರ ಬಾಡಿಗೆ ಕಾಯಿದೆ ಇದ್ದಿತು. ಮುಂದೆ ನಮ್ಮ ರಾಜ್ಯದ 1961ರ ಕಾಯಿದೆ, ಅದರ ಬದಲಿಗೆ 1999ರ ಕಾಯಿದೆ ಬಂದವು. ಆದರೆ 1999ರ ಕಾಯಿದೆಯು ತಿಂಗಳಿಗೆ ದೊಡ್ಡ ನಗರಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಅಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ಉಭಯರ ಕರಾರೇ ಆಧಾರ. ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಹದಿನೈದು ದಿನಗಳ ನೋಟೀಸಿನಿಂದ ಬಿಡಿಸಬಹುದು. ಕೇಂದ್ರ ಸರಕಾರದ 2021ರ ಮಾದರಿ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯವು ಅಂಗೀಕರಿಸಿದರಷ್ಟೇ ಜಾರಿಗೆ ಬರುವುದು.

ಕರಾರು ಹನ್ನೊಂದು ತಿಂಗಳಿಗೇ ಏಕೆಂದು ಅನೇಕರು ಕೇಳುತ್ತಾರೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಲೆಂದು ಹನ್ನೊಂದು ತಿಂಗಳು.

ಪತ್ರದಲ್ಲಿ ಇಷ್ಟಾದರೂ ಇರಲಿ: ಬಾಡಿಗೆ ಎಷ್ಟು, ಠೇವಣಿ ಎಷ್ಟು, ಬಿಟ್ಟ ಮೇಲೆ ಎಷ್ಟು ದಿನಗಳಲ್ಲಿ ಮರಳಿ ಕೊಡಬೇಕು, ಯಾವ ಕಾರಣಕ್ಕೆ ಮುರಿದುಕೊಳ್ಳಬಹುದು, ಲೈಟು ಮತ್ತು ನೀರಿನ ಬಿಲ್ಲು ಯಾರದು, ಎಷ್ಟು ದಿನ ಮೊದಲು ತಿಳಿಸಬೇಕು. ಹಣವನ್ನು ಬ್ಯಾಂಕಿನ ಮೂಲಕ ಕೊಡುವುದು ಲೇಸು. ಕೈಯಲ್ಲಿ ಕೊಟ್ಟರೆ ಪಾವತಿ ಪಡೆಯಬೇಕು. ಒಳಗೆ ಹೋಗುವ ದಿನವೇ ಗೋಡೆ, ನಳ, ಬಾಗಿಲುಗಳ ಫೋಟೋ ತೆಗೆದಿಡಬೇಕು. ಇದು ಮಾಲಕರ ಮೇಲಿನ ಅವಿಶ್ವಾಸವಲ್ಲ. ಬಾಡಿಗೆದಾರ ಹೇಳದೆ ಹೋದರೆ ಅವರಿಗೂ ಆ ಪತ್ರವೇ ಆಧಾರ.

ಈ ವರ್ಷ ನಮ್ಮ ಕಾಕಾನ ಮಗ ಧಾರವಾಡಕ್ಕೆ ಹೊರಟು ನಿಂತಾಗ ತಂದೆಯವರೇ ಅವನನ್ನು ಕರೆದು, “ಮೊದಲ ಕಾಗದ ಮಾಡಿಸು, ಆಮ್ಯಾಲ ರೊಕ್ಕಾ ಕೊಡು” ಎಂದರು. ಗೆಳೆಯರಿಗೆ ನನ್ನ ವಿನಂತಿಯೂ ಇಷ್ಟೇ.